ಉಪ್ಪೂ ಕೊಡ್ತೀವಿ, ಸುಣ್ಣದ ತಿಳಿಯೂ ಕೊಡ್ತೀವಿ. ಆದ್ರೂ ಹಸು ಗೋಡೆ ನೆಕ್ಕೋದು ಯಾಕೆ?

ಶಿರಾ ಹೈನು

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೇಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು, ಒಂದು ಪಡ್ಡೆ, ಒಂದು ಹೆಣ್ಣುಗರು ಇವೆ. ದೊಡ್ಡ ಹಸುಗೆ ಇದು ಮೂರನೇ ಸೂಲು, ದಿನಕ್ಕೆ ಹನ್ನೆರಡು ಲೀಟರ್ ಆಸುಪಾಸು ಹಾಲು. ಚಿಕ್ಕದು ಈಗ ಗಬ್ಬ. ಮೇವು ಅಂದ್ರೆ ರಾಗಿಹುಲ್ಲು, ಬೋರ್‌ವೆಲ್ ಪಕ್ಕ ಬೆಳೆದಿರೋ ನೇಪಿಯರ್ ಹುಲ್ಲು, ಜೊತೆಗೆ ಗೋಧಿ ಬೂಸಾ, ಕಡ್ಲೆಕಾಯಿ ಹಿಂಡಿ. ಡೇರಿ ಫೀಡ್ ದುಡ್ಡಿದ್ದಾಗ ತರ್ತೀವಿ, ಇಲ್ಲದಾಗ ಇಲ್ಲ.

ದೊಡ್ಡ ಹಸು ಗೋಡೆ ಗಾರೆ ನೆಕ್ಕುತ್ತೆ, ಹಗ್ಗ ಅಗಿಯುತ್ತೆ. ಬಾಗಿಲ ಹತ್ರ ಬಿಟ್ಟ ಚಪ್ಪಲಿ ಮೊನ್ನೆ ಅದರ ಬಾಯಲ್ಲಿತ್ತು. ಬೆದೆಗೆ ಬರುತ್ತೆ, ಸೂಜಿ (ಕೃತಕ ಗರ್ಭಧಾರಣೆ) ಹಾಕಿಸ್ತೀವಿ, ಗಬ್ಬ ನಿಲ್ಲಲ್ಲ. ಅಪ್ಪ ದಿನಾ ಕಲಗಚ್ಚಿಗೆ ಒಂದು ಹಿಡಿ ಕಲ್ಲುಪ್ಪು ಹಾಕ್ತಾರೆ, ಸುಣ್ಣದ ತಿಳಿನೀರು ಬೆರೆಸ್ತಾರೆ. ನಮ್ಮ ಅಜ್ಜನ ಕಾಲದಿಂದ ಹೀಗೇ. ಪಕ್ಕದ ಮನೆಯವರು ಮಿನರಲ್ ಮಿಕ್ಸ್ಚರ್ ಕೊಡಿ ಅಂತಾರೆ. ಅಂಗಡೀಲಿ ಮೂರು ಥರದ ಪ್ಯಾಕೆಟ್, ಮೂರು ರೇಟು. ಉಪ್ಪು, ಸುಣ್ಣ ಎರಡೂ ಇರುವಾಗ ಇನ್ನೇನು ಕಡಿಮೆ? ತಿಳಿದವರು ಹೇಳಿ.

ಕೊಟ್ಟಿಗೆ ಗೆಳೆಯ

ಗೋದಲಿ ಮೇಲೆ ಒಂದು ಉಪ್ಪು-ಖನಿಜದ ನೆಕ್ಕೋ ಇಟ್ಟಿಗೆ ನೇತುಹಾಕಿ ಬ್ರದರ್. ನಮ್ಮ ಹಸುಗಳು ನೆಕ್ಕಿ ನೆಕ್ಕಿ ಗೋಡೆ ಬಿಟ್ಟುಬಿಟ್ಟವು.

ಗೋದಲಿ (ಪಶುವೈದ್ಯ, ಹಾಸನ ಜಿಲ್ಲೆ)

ಶಿರಾ ಅವರೇ, ಮೊದಲು ನಿಮ್ಮ ತಂದೆಯವರಿಗೆ ಹೇಳಿ, ಉಪ್ಪು ಕೊಡೋದು ಸರಿಯಾದ ಕೆಲಸ, ನಿಲ್ಲಿಸಬೇಡಿ ಅಂತ. ಹುಲ್ಲು, ಸೊಪ್ಪು, ಕಾಳು ಯಾವುದರಲ್ಲೂ ಸೋಡಿಯಂ ಸಾಕಷ್ಟಿರೋದಿಲ್ಲ. ಪೊಟ್ಯಾಸಿಯಂ ಮಾತ್ರ ಬೇಕಾದ್ದಕ್ಕಿಂತ ಜಾಸ್ತಿ ಇರುತ್ತೆ. ಹಸು ದಿನಕ್ಕೆ ನೂರು ಲೀಟರಿಗೂ ಮೇಲೆ ಜೊಲ್ಲು ಸುರಿಸುತ್ತೆ. ಆ ಜೊಲ್ಲಿನಲ್ಲಿರುವ ಸೋಡಾ ಅಂಶವೇ ದೊಡ್ಡ ಹೊಟ್ಟೆಯ ಹುಳಿಯನ್ನ ಹದದಲ್ಲಿಡೋದು. ತಿಂಡಿಯಲ್ಲಿ ಉಪ್ಪು ಕಡಿಮೆಯಾದರೆ ದೇಹ ಹೊಟ್ಟೆಯೊಳಗಿನ ಸೋಡಿಯಂ ದಾಸ್ತಾನನ್ನೇ ಖರ್ಚು ಮಾಡಿಕೊಂಡು, ಜೊಲ್ಲಿನಲ್ಲಿ ಅದರ ಜಾಗಕ್ಕೆ ಪೊಟ್ಯಾಸಿಯಂ ತುಂಬಿಸಿ ಸಂಭಾಳಿಸುತ್ತೆ. ಹಾಗಾಗಿ ಕೊರತೆ ಹೊರಗೆ ಕಾಣೋಕೆ ವಾರಗಟ್ಟಲೆ ಬೇಕು. ಕಾಣೋ ಹೊತ್ತಿಗೆ ಮೇವು ಬಿಟ್ಟಿರುತ್ತೆ, ಮೈ ಒರಟಾಗಿರುತ್ತೆ, ಒಂದು ಹಸು ಇನ್ನೊಂದರ ಗಂಜಲಕ್ಕೆ ಬಾಯಿ ಹಾಕ್ತಿರುತ್ತೆ.

ಹನ್ನೆರಡು ಲೀಟರ್ ಹಾಲಿನ ಜೊತೆ ದಿನಕ್ಕೆ ಐದಾರು ಗ್ರಾಂ ಸೋಡಿಯಂ ಹೊರಗೆ ಹೋಗುತ್ತೆ. 30 ಗ್ರಾಂ ಉಪ್ಪಿನಲ್ಲಿ ಸುಮಾರು 12 ಗ್ರಾಂ ಸೋಡಿಯಂ ಇರುತ್ತೆ. ನಿಮ್ಮ ಒಂದು ಹಿಡಿ ಕಲ್ಲುಪ್ಪು 30 ಗ್ರಾಂಗಿಂತ ಕಡಿಮೆ ಇರೋ ಸಂಭವವೇ ಇಲ್ಲ. ಅಂದರೆ ನಿಮ್ಮ ಹಸುಗೆ ಉಪ್ಪಿನ ಕೊರತೆ ಇಲ್ಲ. ಗೋಡೆ ನೆಕ್ಕೋದಕ್ಕೆ ಬೇರೆ ಕಾರಣ ಹುಡುಕಬೇಕು.

ಇನ್ನು ಸುಣ್ಣದ ತಿಳಿ. ಇದರ ಮೇಲೆ ನಮ್ಮ ಕಡೆ ಜನಕ್ಕೆ ಭಾರೀ ನಂಬಿಕೆ. ಆದರೆ ಸುಣ್ಣ ನೀರಿನಲ್ಲಿ ಕರಗೋದೇ ಬಹಳ ಕಡಿಮೆ. ಎಷ್ಟೇ ಸುಣ್ಣ ಹಾಕಿ, ಒಂದು ಲೀಟರ್ ತಿಳಿಯಲ್ಲಿ ಕರಗಿರೋದು ಎರಡು ಗ್ರಾಂ ಒಳಗೆ, ಅದರಲ್ಲಿ ಕ್ಯಾಲ್ಸಿಯಂ ಒಂದು ಗ್ರಾಂ ಕೂಡ ಇಲ್ಲ. ಮಿಕ್ಕಿದ್ದು ಮಡಕೆಯ ತಳದಲ್ಲೇ ಕೂತಿರುತ್ತೆ. ಒಂದು ಲೀಟರ್ ಹಾಲು ಹಸುವಿನ ಮೈಯಿಂದ ಒಯ್ಯೋದು ಸುಮಾರು 1.2 ಗ್ರಾಂ ಕ್ಯಾಲ್ಸಿಯಂ. ಅಂದರೆ ಒಂದು ಲೀಟರ್ ತಿಳಿ ಒಂದು ಲೀಟರ್ ಹಾಲಿನ ನಷ್ಟವನ್ನೂ ತುಂಬೋದಿಲ್ಲ. ಹಾಗಂತ ತಳದ ಸುಣ್ಣವನ್ನೇ ಕದಡಿ ಕುಡಿಸಬೇಡಿ, ಅದು ಬಾಯಿ, ಕರುಳು ಸುಡುತ್ತೆ.

ತಿಳಿಯಲ್ಲಿ ಇಲ್ಲವೇ ಇಲ್ಲದ್ದು ರಂಜಕ, ಅಂದರೆ ಫಾಸ್ಫರಸ್. ನನ್ನ ಅನುಮಾನ ಇರೋದು ಅಲ್ಲಿ. ಚಪ್ಪಲಿ, ಹಗ್ಗ, ಮಣ್ಣು, ಮೂಳೆ ಅಗಿಯೋ ಹಸುವಿನಲ್ಲಿ ಮೊದಲು ನೋಡಬೇಕಾದ್ದು ರಂಜಕ. ಇದು ಹಳೇ ಪಾಠ. ದಕ್ಷಿಣ ಆಫ್ರಿಕಾದ ಒಣ ಹುಲ್ಲುಗಾವಲುಗಳಲ್ಲಿ ದನಗಳು ಕಾಲು ಬಿದ್ದು ಸಾಯ್ತಿದ್ದವು. ಒಂಡರ್‌ಸ್ಟೆಪೋರ್ಟ್ ಸಂಶೋಧನಾಲಯದ ಆರ್ನಲ್ಡ್ ಥೈಲರ್ 1920ರ ಸುಮಾರಿಗೆ ಕಾರಣ ಹುಡುಕಿದರು. ಅಲ್ಲಿನ ಮಣ್ಣಲ್ಲಿ ರಂಜಕ ಇಲ್ಲ, ಹುಲ್ಲಲ್ಲೂ ಇಲ್ಲ. ಆ ಹಸಿವಿಗೆ ದನಗಳು ಸತ್ತ ಪ್ರಾಣಿಗಳ ಮೂಳೆ ಅಗಿಯುತ್ತಿದ್ದವು, ಮೂಳೆಗೆ ಅಂಟಿದ ಕೊಳೆತ ಮಾಂಸದ ವಿಷದಿಂದ ಸಾಯುತ್ತಿದ್ದವು. ಮೂಳೆಪುಡಿ ಕೊಟ್ಟಾಗ ಅಗಿಯೋದೂ ಹೋಯ್ತು, ಮೈಯೂ ತುಂಬಿತು.

ಈಗ ನನಗೆ ಎರಡು ವಿಷಯ ಬೇಕು. ಬೂಸಾ, ಹಿಂಡಿ ದಿನಕ್ಕೆ ಎಷ್ಟು ಕಿಲೋ? ಜಂತಿನ ಔಷಧಿ ಯಾವಾಗ ಕುಡಿಸಿದ್ದು?

ಶಿರಾ ಹೈನು

ತುಂಬಾ ಧನ್ಯವಾದ ಡಾಕ್ಟ್ರೇ. ಬೂಸಾ ದಿನಕ್ಕೆ ಒಂದು ಕಿಲೋ, ಹಿಂಡಿ ಅರ್ಧ ಕಿಲೋ. ಎರಡು ಹೊತ್ತೂ ಸೇರಿ. ರಾಗಿಹುಲ್ಲು ಐದು ಕಿಲೋ, ನೇಪಿಯರ್ ಒಂದು ದೊಡ್ಡ ಹೊರೆ. ಜಂತಿನ ಔಷಧಿ ಕರುಗೆ ಕುಡಿಸಿದ್ವಿ, ದೊಡ್ಡವಕ್ಕೆ ಕುಡಿಸಿಲ್ಲ.

ಗೋದಲಿ (ಪಶುವೈದ್ಯ, ಹಾಸನ ಜಿಲ್ಲೆ)

ಸರಿ, ಲೆಕ್ಕ ಹಾಕೋಣ. ನಾನೂರು ಕಿಲೋ ತೂಕದ, ಹನ್ನೆರಡು ಲೀಟರ್ ಕರೆಯೋ ಹಸುವಿನ ಮೇವು, ತಿಂಡಿ ಎಲ್ಲ ಸೇರಿ ದಿನಕ್ಕೆ ಸುಮಾರು 55 ಗ್ರಾಂ ಕ್ಯಾಲ್ಸಿಯಂ, 35 ಗ್ರಾಂ ರಂಜಕ ಇರಬೇಕು. ರಾಗಿಹುಲ್ಲಿನಲ್ಲಿ ಸುಣ್ಣದಂಶ ಚೆನ್ನಾಗಿದೆ, ಭತ್ತದ ಹುಲ್ಲಿಗಿಂತ ಎಷ್ಟೋ ವಾಸಿ. ಆದರೆ ರಂಜಕ ಎಲ್ಲ ಒಣಹುಲ್ಲಿನಲ್ಲೂ ಅಷ್ಟಕ್ಕಷ್ಟೇ. ಐದು ಕಿಲೋ ಹುಲ್ಲಿನಿಂದ ಐದು ಗ್ರಾಂ ಸಿಕ್ಕರೆ ದೊಡ್ಡದು. ನೇಪಿಯರ್ ಹೊರೆಯಿಂದ ಏಳೆಂಟು ಗ್ರಾಂ. ಗೋಧಿ ಬೂಸಾ ಮಾತ್ರ ರಂಜಕದ ಗಣಿ, ಕಿಲೋಗೆ ಹತ್ತು ಗ್ರಾಂ ಹತ್ತಿರ ಇರುತ್ತೆ. ಹಿಂಡಿಯಿಂದ ಮೂರು ಗ್ರಾಂ. ಎಲ್ಲ ಕೂಡಿದರೆ ಇಪ್ಪತ್ತೈದು, ಇಪ್ಪತ್ತಾರು. ಹತ್ತು ಗ್ರಾಂ ಕಡಿಮೆ ಬಿತ್ತು. ಆ ಹತ್ತು ಗ್ರಾಂ ದಿನಾ ಮೂಳೆಯಿಂದ ಕರಗಿ ಹಾಲಿಗೆ ಹೋಗ್ತಾ ಇದೆ. ಫೀಡ್ ಇಲ್ಲದ ತಿಂಗಳುಗಳಲ್ಲಿ ಇದೇ ನಡೆಯುತ್ತಿರೋದು.

ಭಾರತೀಯ ಮಾನಕ ಬ್ಯೂರೋ ಖನಿಜ ಮಿಶ್ರಣಕ್ಕೆ ಗೊತ್ತು ಮಾಡಿರೋ ಮಾನಕದ ಸಂಖ್ಯೆ ಐಎಸ್ 1664. ಅದರ ಪ್ರಕಾರ ಉಪ್ಪಿಲ್ಲದ ಮಿಶ್ರಣದಲ್ಲಿ ಕ್ಯಾಲ್ಸಿಯಂ ಶೇ. 20, ರಂಜಕ ಶೇ. 12, ಮೆಗ್ನೀಸಿಯಂ ಶೇ. 5, ಸತು ಶೇ. 0.8, ತಾಮ್ರ ಶೇ. 0.1 ಇರಬೇಕು, ಅಯೋಡಿನ್, ಕೋಬಾಲ್ಟ್, ಮ್ಯಾಂಗನೀಸ್ ಇನ್ನೂ ಸಣ್ಣ ಪ್ರಮಾಣದಲ್ಲಿ. ಅಂಥ ಮಿಶ್ರಣ 100 ಗ್ರಾಂ ಕೊಟ್ಟರೆ ರಂಜಕ 12 ಗ್ರಾಂ ಬಂತು. ನಿಮ್ಮ ಹಸುಗೆ ಕಡಿಮೆ ಬಿದ್ದದ್ದು ಅಲ್ಲಿಗೆ ತುಂಬಿತು.

ಆದರೆ ಇದಕ್ಕಿಂತ ಮುಖ್ಯವಾದ ಮಾತು ಇದೆ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ಹನ್ನೆರಡು ಲೀಟರ್ ಕರೆಯೋ ಹಸುಗೆ ಬೂಸಾ, ಹಿಂಡಿ ಸೇರಿ ಒಂದೂವರೆ ಕಿಲೋ ತಿಂಡಿ ಏನೇನೂ ಸಾಲದು. ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ತಿಂಡಿ ಅನ್ನೋದು ನಾವು ಹೇಳೋ ಸಾಮಾನ್ಯ ಲೆಕ್ಕ. ಒಳ್ಳೇ ಹಸಿರು ಮೇವು ಇದ್ದರೆ ಸ್ವಲ್ಪ ಕಡಿಮೆಯಾದರೂ ನಡೆಯುತ್ತೆ. ನಿಮ್ಮ ಹಸು ಗಬ್ಬ ಕಟ್ಟದೇ ಇರೋದಕ್ಕೆ ರಂಜಕದ ಕೊರತೆ ಒಂದು ಕಾರಣ ಇರಬಹುದು, ಆದರೆ ಮೈ ಇಳಿದ ಹಸು ಗಬ್ಬ ನಿಲ್ಲೋದೇ ಕಷ್ಟ. ಸೂಜಿ ಹಾಕಿಸೋ ಹೊತ್ತು ತಪ್ಪಿದರೂ ನಿಲ್ಲೋದಿಲ್ಲ, ಗರ್ಭಕೋಶದಲ್ಲಿ ಸೋಂಕಿದ್ದರೂ ನಿಲ್ಲೋದಿಲ್ಲ. ಹಾಗಾಗಿ ಪ್ಯಾಕೆಟ್ ತಂದ ತಿಂಗಳಿಗೇ ಗಬ್ಬ ಆಗಲಿಲ್ಲ ಅಂತ ಮಿಶ್ರಣವನ್ನ ಬಯ್ಯಬೇಡಿ. ತಿಂಡಿ ಏರಿಸಿ, ಸಗಣಿ ಪರೀಕ್ಷೆ ಮಾಡಿಸಿ, ಅಗತ್ಯ ಇದ್ದರೆ ಜಂತಿನ ಔಷಧಿ ಕುಡಿಸಿ. ಜಂತು ಇದ್ದರೂ ದನ ಮಣ್ಣು ತಿನ್ನುತ್ತೆ. ಮಿಶ್ರಣ ಇವುಗಳ ಜೊತೆಗೆ.

ಗೆಳೆಯರು ಹೇಳಿದ ಇಟ್ಟಿಗೆ ತೂಗಿಹಾಕಿ, ಅಡ್ಡಿಯಿಲ್ಲ. ಆದರೆ ಹೆಚ್ಚಿನ ಇಟ್ಟಿಗೆಗಳಲ್ಲಿ ಬಹುಪಾಲು ಇರೋದು ಉಪ್ಪೇ. ಹಸು ಎಷ್ಟು ನೆಕ್ಕಿತು ಅನ್ನೋದೂ ತಿಳಿಯೋದಿಲ್ಲ. ರಂಜಕದ ಕೊರತೆ ಅದರಿಂದ ನೀಗೋದಿಲ್ಲ.

ಹಿಂಡಿ ಅಂಗಡಿ, ಚನ್ನರಾಯಪಟ್ಟಣ

ನಾನು ಮಾರೋನು, ಹಾಗಾಗಿ ಒಳಗಿನ ಮಾತು ಹೇಳ್ತೀನಿ. ಪ್ಯಾಕೆಟ್ ಮೇಲಿನ ಹಸುವಿನ ಫೋಟೋ ನೋಡಿ ತಗೋಬೇಡಿ. ಹಿಂದುಗಡೆ ತಿರುಗಿಸಿ ರಂಜಕ ಶೇಕಡಾ ಎಷ್ಟು ಅಂತ ಓದಿ. ಅಗ್ಗದ ಪ್ಯಾಕೆಟ್‌ಗಳಲ್ಲಿ ಕ್ಯಾಲ್ಸಿಯಂ ದಪ್ಪಕ್ಷರದಲ್ಲಿರುತ್ತೆ, ರಂಜಕ ಮೂರೋ ನಾಲ್ಕೋ ಇರುತ್ತೆ, ಕೆಲವದರಲ್ಲಿ ಬರೆದೇ ಇರಲ್ಲ. ಕ್ಯಾಲ್ಸಿಯಂ ಅಂದ್ರೆ ಸುಣ್ಣಕಲ್ಲಿನ ಪುಡಿ, ಅದಕ್ಕೆ ಬೆಲೆ ಇಲ್ಲ. ರಂಜಕ ಬರೋದು ಡಿಸಿಪಿಯಿಂದ (ಡೈಕ್ಯಾಲ್ಸಿಯಂ ಫಾಸ್ಫೇಟ್), ಅದಕ್ಕೇ ದುಡ್ಡು. ಅದಕ್ಕೇ ಒಳ್ಳೇ ಮಿಶ್ರಣ ಒಂದಷ್ಟು ರೇಟು ಜಾಸ್ತಿನೇ ಇರುತ್ತೆ.

ಇನ್ನೊಂದು ವಿಷ್ಯ. ಬರೀ ಡಿಸಿಪಿ ಕೇಳಿಕೊಂಡು ಬರೋರು ಇದ್ದಾರೆ. ದಯವಿಟ್ಟು ಪಶು ಆಹಾರದ ಡಿಸಿಪಿಯನ್ನೇ ತಗೊಳ್ಳಿ. ಗೊಬ್ಬರದ ಅಂಗಡಿಯ ಡಿಎಪಿ, ಸೂಪರ್ ಫಾಸ್ಫೇಟ್ ತಂದು ದನಕ್ಕೆ ಹಾಕಿದೋರನ್ನ ನಾನು ಕಂಡಿದ್ದೀನಿ. ರಂಜಕ ರಂಜಕವೇ ಅಲ್ವಾ ಅಂತಾರೆ.

ಗೋದಲಿ (ಪಶುವೈದ್ಯ, ಹಾಸನ ಜಿಲ್ಲೆ)

ಅಂಗಡಿಯವರು ಬಹಳ ಮುಖ್ಯವಾದ ಮಾತು ಹೇಳಿದ್ದಾರೆ. ಗೊಬ್ಬರದ ರಂಜಕದಲ್ಲಿ ಫ್ಲೋರೈಡ್ ಇರುತ್ತೆ. ಬಂಡೆಯಿಂದ ತೆಗೆದ ಫಾಸ್ಫೇಟಿನಿಂದ ಫ್ಲೋರೈಡ್ ಕಳೆದ ಮೇಲೇ ಅದು ಪ್ರಾಣಿಗೆ ಯೋಗ್ಯ. ಐಎಸ್ 1664ರಲ್ಲಿ ಫ್ಲೋರಿನ್ ಶೇ. 0.07 ಮೀರಬಾರದು ಅಂತ ಮಿತಿ ಇಟ್ಟಿರೋದು ಇದಕ್ಕೇ.

ಮೂಳೆಪುಡಿಯನ್ನೂ ಈಗ ದನಗಳಿಗೆ ಹಾಕಬಾರದು. ಥೈಲರ್ ಕಾಲ ಬೇರೆ. ಹುಚ್ಚು ಹಸು ರೋಗ ಹರಡಿದ್ದು ಮಾಂಸ, ಮೂಳೆ ಪುಡಿಯ ಆಹಾರದಿಂದಲೇ.

ಪಾವಗಡದವ

ಫ್ಲೋರೈಡ್ ಮಾತು ಬಂದಿದ್ದಕ್ಕೆ ಕೇಳ್ತೀನಿ. ನಮ್ಮೂರ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ಜನಗಳಿಗೆ ಶುದ್ಧ ನೀರಿನ ಘಟಕ ಬಂತು. ದನಗಳು ಅದೇ ಬೋರ್ ನೀರು ಕುಡೀತಾವೆ. ಹಲ್ಲು ಕಂದು ಕಂದಾಗಿ ಸವೆದು ಹೋಗ್ತವೆ. ಆರೇಳು ವರ್ಷದ ಹಸು ಮುದಿ ಹಸು ಥರ ಮೇಯುತ್ತೆ, ಹುಲ್ಲು ಅರ್ಧಂಬರ್ಧ ಅಗಿದು ಉಂಡೆ ಉಗುಳುತ್ತೆ. ಇದಕ್ಕೂ ಮಿಶ್ರಣ ಕೊಟ್ರೆ ಸರಿ ಹೋಗುತ್ತಾ?

ಗೋದಲಿ (ಪಶುವೈದ್ಯ, ಹಾಸನ ಜಿಲ್ಲೆ)

ಕೆಟ್ಟ ಹಲ್ಲು ಯಾವ ಮಿಶ್ರಣದಿಂದಲೂ ಸರಿಯಾಗೋದಿಲ್ಲ. ಫ್ಲೋರೈಡ್ ಹಲ್ಲನ್ನ ಕೆಡಿಸೋದು ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ, ಒಸಡಿನಿಂದ ಹೊರಗೆ ಬಂದ ಮೇಲಲ್ಲ. ಕರುವಿನ ಶಾಶ್ವತ ಹಲ್ಲುಗಳು ದವಡೆಯಲ್ಲಿ ತಯಾರಾಗೋದು ಆರು ತಿಂಗಳಿಂದ ಮೂರು ವರ್ಷದವರೆಗೆ. ಆ ವಯಸ್ಸಿನಲ್ಲಿ ಕುಡಿದ ನೀರೇ ಮುಂದಿನ ಹಲ್ಲನ್ನ ತೀರ್ಮಾನಿಸುತ್ತೆ. ಹಾಗಾಗಿ ಒಳ್ಳೇ ನೀರು ಸ್ವಲ್ಪವೇ ಇದ್ದರೆ, ಅದನ್ನ ಕರು, ಪಡ್ಡೆಗಳಿಗೆ ಮೊದಲು ಕೊಡಿ. ಮಳೆನೀರು ಹಿಡಿದಿಟ್ಟರೆ, ಕೆರೆಯಲ್ಲಿ ನೀರಿದ್ದಾಗ ಅತ್ತ ಹೊಡೆದರೆ ಅದೂ ಆ ವಯಸ್ಸಿನವಕ್ಕೆ ಸಲ್ಲಲಿ. ದೊಡ್ಡ ಹಸುಗಳಲ್ಲಿ ಉಳಿಯೋ ತೊಂದರೆ ಮೂಳೆಯದ್ದು, ಕುಂಟುತನ. ತಿಂಡಿಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಕರುಳಲ್ಲಿ ಒಂದಷ್ಟು ಫ್ಲೋರೈಡ್ ಅದಕ್ಕೆ ಕಟ್ಟಿಕೊಂಡು ಸಗಣಿಯಲ್ಲಿ ಹೋಗುತ್ತೆ, ಅಷ್ಟರ ಮಟ್ಟಿಗೆ ಮಿಶ್ರಣ ಸಹಾಯ. ನಿಮ್ಮ ಕಡೆ ಫ್ಲೋರಿನ್ ಪ್ರಮಾಣ ಬರೆಯದ ಪ್ಯಾಕೆಟ್ ಮುಟ್ಟಲೇಬೇಡಿ. ಜನರಿಗೆ ಘಟಕ ಬಂದ ಊರಲ್ಲಿ ದನದ ತೊಟ್ಟಿಗೂ ಒಂದು ಸಣ್ಣ ಪೈಪು ಬರಲಿ ಅಂತ ಗ್ರಾಮಸಭೆಯಲ್ಲಿ ಕೇಳಿ, ನಾಚಿಕೆ ಬೇಡ. ಹಸುವಿನ ಹಲ್ಲು ಹೋದರೆ ಮನೆಯ ಸಂಪಾದನೆ ಹೋದ ಹಾಗೆ.

ಎಮ್ಮಿ ಮನಿ, ಗೋಕಾಕ

ಡಾಕ್ಟರ್ ಸಾಹೇಬ್ರ, ನಮ್ಮ ಕಡಿ ಕಬ್ಬಿನ ಪ್ರದೇಶ. ಕಟಾವು ಸುರು ಆತಂದ್ರ ತಿಂಗಳಾನುಗಟ್ಟಲೆ ಎಮ್ಮಿಗೆ ಕಬ್ಬಿನ ಸೋಗಿನ ಮೇವು, ಪುಕ್ಕಟ ಸಿಗತೈತಲ್ರಿ. ಹ್ವಾದ ವರ್ಷ ನಮ್ಮ ಮುರ್ರಾ ಎಮ್ಮಿ ಈದು ಮೂರು ವಾರಕ್ಕ ಉಚ್ಚಿ ಕೆಂಪಗ ಹೊಯ್ಯಾಕ ಹತ್ತಿತು, ಆಮ್ಯಾಲ ಚಹಾದ ಡಿಕಾಕ್ಷನ್ ಬಣ್ಣ. ಜ್ವರಾ ಇರಲಿಲ್ಲ. ಉಣ್ಣಿ ಜ್ವರದ ಇಂಜೆಕ್ಷನ್ ಮಾಡಿದ್ರು, ಗುಣಾ ಆಗ್ಲಿಲ್ಲ. ಇನ್ನೊಬ್ರು ಡಾಕ್ಟರ್ ಬಂದು ರಂಜಕದ ಸಲೈನ್ ಕೊಟ್ಟ ಮ್ಯಾಲ ಮರುದಿನಾನ ಉಚ್ಚಿ ತಿಳಿ ಆತು. ಇದು ನೀವು ಹೇಳೂ ಕೊರತೀನ ಏನ್ರಿ?

ಗೋದಲಿ (ಪಶುವೈದ್ಯ, ಹಾಸನ ಜಿಲ್ಲೆ)

ಅದೇರಿ. ಬಹಳ ಚೆನ್ನಾಗಿ ವಿವರಿಸಿದ್ದೀರಿ, ಎಲ್ಲರೂ ಓದಬೇಕಾದ್ದು. ರಂಜಕ ತೀರಾ ಇಳಿದಾಗ ಕೆಂಪು ರಕ್ತಕಣಗಳ ಹೊದಿಕೆ ಗಟ್ಟಿಯಿರೋದಿಲ್ಲ, ಕಣಗಳು ನಾಳದೊಳಗೇ ಒಡೆಯುತ್ತವೆ. ಒಡೆದ ಬಣ್ಣ ಉಚ್ಚೆಯಲ್ಲಿ ಬರುತ್ತೆ. ಹೆಚ್ಚಾಗಿ ಚೆನ್ನಾಗಿ ಹಾಲು ಕೊಡೋ ಎಮ್ಮೆಗಳಿಗೆ, ಈದ ಮೊದಲ ಕೆಲವು ವಾರಗಳಲ್ಲಿ. ತುಂಬು ಗಬ್ಬದ ಎಮ್ಮೆಗಳಲ್ಲೂ ನೋಡಿದ್ದೇವೆ. ಉಣ್ಣೆಯಿಂದ ಬರೋ ರೋಗದಲ್ಲೂ ಉಚ್ಚೆ ಕೆಂಪಾಗುತ್ತೆ, ಆದರೆ ಅದರಲ್ಲಿ ಜ್ವರ ಜೋರು. ಮೈ ಬಿಸಿ ಇಲ್ಲ, ಹೊಸದಾಗಿ ಈದಿದೆ, ಸೋಗೆಯ ಮೇಲೇ ಬದುಕಿದೆ ಅಂದರೆ ವೈದ್ಯರು ರಂಜಕದ ಕಡೆ ನೋಡಲೇಬೇಕು. ರಕ್ತದ ಪರೀಕ್ಷೆ ಎರಡನ್ನೂ ಬೇರ್ಪಡಿಸುತ್ತೆ. ತಡಮಾಡಿದರೆ ಎಮ್ಮೆ ರಕ್ತಹೀನತೆಯಿಂದ ಸಾಯುತ್ತೆ, ಕಾಯಬೇಡಿ.

ಸೋಗೆಯಲ್ಲಿ ರಂಜಕ ಕಡಿಮೆ. ಜೊತೆಗೆ ಆಕ್ಸಲೇಟ್ ಇದೆ, ಅದು ಕ್ಯಾಲ್ಸಿಯಂಗೆ ಕಟ್ಟಿಕೊಂಡು ಮೈಗೆ ಹತ್ತದ ಹಾಗೆ ಮಾಡುತ್ತೆ. ನೇಪಿಯರ್‌ನಲ್ಲೂ ಇದೆ, ಎಳೆಯದರಲ್ಲಿ ಹೆಚ್ಚು, ಬಲಿತರೆ ಕಡಿಮೆ. ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟನ್ನ ಒಡೆಯೋದು ಕಲಿಯುತ್ತವೆ, ಆದರೆ ದಿಢೀರನೆ ಹೊರೆ ಹಾಕಿದರೆ ಅವಕ್ಕೆ ಸಮಯ ಸಾಲದು. ಸೋಗೆಗೆ ಒಗ್ಗಿಸುವಾಗ ದಿನದಿಂದ ದಿನಕ್ಕೆ ಏರಿಸಿ, ಜೋಳದ ಕಣಿಕೆ ಬೆರೆಸಿ, ಬೂಸಾ ಬಿಡಬೇಡಿ. ಸೋಗೆ ಪುಕ್ಕಟೆ ಸಿಕ್ಕಾಗ ಉಳಿದ ಹಣದಲ್ಲಿ ಸ್ವಲ್ಪ ಮಿಶ್ರಣಕ್ಕೆ ಹೋಗಲಿ.

ಘಟ್ಟದ ಕೆಳಗೆ, ಕುಮಟಾ

ನಮ್ಮಲ್ಲಿ ಕೊಟ್ಟಿಗೆಗೆ ಸಾಣಿಕಟ್ಟೆಯ ಉಪ್ಪೇ ಬಳಕೆ. ಗೋಕರ್ಣದ ಹತ್ತಿರದ ಗದ್ದೆಗಳಲ್ಲಿ ಸಮುದ್ರದ ನೀರು ಕಟ್ಟಿ ತೆಗೆದ ದಪ್ಪ ಹರಳು, ಸ್ವಲ್ಪ ಮಾಸಲು ಬಣ್ಣ. ತೆಂಗಿನ ಬುಡಕ್ಕೂ ಅದೇ, ಉಪ್ಪಿನಕಾಯಿಗೂ ಅದೇ, ಹಸುವಿನ ಅಕ್ಕಚ್ಚಿಗೂ ಅದೇ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಮಣ್ಣು ಇದು, ನಮ್ಮ ಹಿರಿಯರಿಗೆ ಉಪ್ಪು ಅಂದರೆ ಮನುಷ್ಯನಿಗೆ ಮಾತ್ರ ಅಂತ ಯಾವತ್ತೂ ಅನಿಸಿರಲಿಲ್ಲ, ಕೊಟ್ಟಿಗೆಯ ಪಾಲು ಮೊದಲೇ ತೆಗೆದಿಡುತ್ತಿದ್ದರು.

ಸಮುದ್ರದ ಉಪ್ಪಲ್ಲಿ ಎಲ್ಲ ಖನಿಜವೂ ಇರುತ್ತದೆ, ಹಾಗಾಗಿ ಮಿಶ್ರಣ ಬೇಡ ಎಂದು ಕೆಲವರು ಹೇಳುತ್ತಾರೆ. ಅಯೋಡಿನ್ ಆದರೂ ಇರಬೇಕಲ್ಲ? ಮಲೆನಾಡು ಗಿಡ್ಡ ಎರಡು ಇವೆ, ಗುಡ್ಡಕ್ಕೆ ಮೇಯಲು ಹೋಗುತ್ತವೆ.

ಗೋದಲಿ (ಪಶುವೈದ್ಯ, ಹಾಸನ ಜಿಲ್ಲೆ)

ಸಾಣಿಕಟ್ಟೆ ಉಪ್ಪು ಕೊಡಿ, ಸೋಡಿಯಂಗೆ ಅದು ಚೆನ್ನ. ಆದರೆ ಅಯೋಡಿನ್‌ಗೆ ಅದನ್ನ ನಂಬಬೇಡಿ. ಸಮುದ್ರದ ನೀರಿನ ಅಯೋಡಿನ್ ಹರಳಿನಲ್ಲಿ ಉಳಿಯೋದು ಲೆಕ್ಕಕ್ಕೇ ಬಾರದಷ್ಟು. ಮಳೆ ಜೋರಾಗಿ ಬೀಳೋ ಗುಡ್ಡಗಾಡಿನ ಮಣ್ಣಿನಿಂದ ಅಯೋಡಿನ್ ತೊಳೆದು ಹೋಗಿರುತ್ತೆ. ಕೊರತೆ ಇದ್ದರೆ ಮೊದಲು ತಾಯಿಯಲ್ಲಿ ಕಾಣೋದಿಲ್ಲ, ಹುಟ್ಟಿದ ಕರುವಿನಲ್ಲಿ ಕಾಣುತ್ತೆ. ಗಂಟಲ ಬಳಿ ಊತ, ಮೈಮೇಲೆ ಕೂದಲು ವಿರಳ, ಎದ್ದು ಮೊಲೆ ಕುಡಿಯೋ ಶಕ್ತಿ ಇರೋದಿಲ್ಲ.

ಗಿಡ್ಡ ಹಸುಗಳ ವಿಷಯದಲ್ಲಿ ಒಂದು ಸಮಾಧಾನ ಏನಂದ್ರೆ, ಗುಡ್ಡದಲ್ಲಿ ಬಗೆಬಗೆಯ ಸೊಪ್ಪು ತಿನ್ನುತ್ತವೆ, ಹಾಲೂ ಎರಡು ಲೀಟರ್ ಒಳಗೆ. ಅವುಗಳ ಅಗತ್ಯ ಎಚ್‌ಎಫ್ ಹಸುವಿಗೆ ಹೋಲಿಸೋ ಹಾಗಿಲ್ಲ. 25–30 ಗ್ರಾಂ ಮಿಶ್ರಣ ಧಾರಾಳ. ಅಜ್ಜನ ಕಾಲದ ಪದ್ಧತಿ ಅಜ್ಜನ ಕಾಲದ ಹಸುವಿಗೆ ಸರಿಯಾಗಿತ್ತು, ಶಿರಾದವರ ತಂದೆಗೂ ನಾನು ಹೇಳಬೇಕಾದ್ದು ಇದೇ. ದಿನಕ್ಕೆ ಹದಿನೈದು ಗ್ರಾಂ ಕ್ಯಾಲ್ಸಿಯಂ ಹಾಲಲ್ಲಿ ಸುರಿಯೋ ಹಸು ಆ ಕೊಟ್ಟಿಗೆಯಲ್ಲಿ ಆಗ ಇರಲಿಲ್ಲ.

ಊರಿಂದೂರಿಗೆ ಕೊರತೆ ಬೇರೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಶುರುವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಆಯಾ ಭಾಗದ ಮಣ್ಣು, ಮೇವು, ದನದ ರಕ್ತ ಪರೀಕ್ಷಿಸಿ ಪ್ರದೇಶವಾರು ಮಿಶ್ರಣ ರೂಪಿಸಿದ್ದಾರೆ. ನಿಮ್ಮ ಭಾಗದ್ದು ಸಿಕ್ಕರೆ ಅದೇ ಒಳ್ಳೇದು. ಕೆಂಪು ಮಣ್ಣಿನ ಮೇವಿನಲ್ಲಿ ಕಬ್ಬಿಣ ಧಾರಾಳ ಇರುತ್ತೆ. ಮತ್ತೆ ಕಬ್ಬಿಣ ಸುರಿದರೆ ತಾಮ್ರ ಮೈಗೆ ಹತ್ತೋದಕ್ಕೆ ಅಡ್ಡಿ.

ಶಿರಾ ಹೈನು

ಅಪ್ಪನಿಗೆ ಎಲ್ಲಾ ಓದಿ ಹೇಳಿದೆ. ಒಪ್ಪಿದ್ದಾರೆ. ಅವರದ್ದೇ ಒಂದು ಪ್ರಶ್ನೆ: ಚಿಕ್ಕ ಹಸು ಗಬ್ಬ, ಮುಂದಿನ ತಿಂಗಳು ಕರು ಹಾಕುತ್ತೆ. ಹೋದ ಸಲ ದೊಡ್ಡ ಹಸು ಈದ ಮಾರನೇ ದಿನ ಮೇಲೇಳಲಿಲ್ಲ, ಬಾಟ್ಲಿ ಏರಿಸಿದ ಮೇಲೆ ಎದ್ದಿತು. ಹಾಗಾಗಬಾರದು ಅಂತ ಇದಕ್ಕೆ ಈಗಿಂದ್ಲೇ ಕ್ಯಾಲ್ಸಿಯಂ ಟಾನಿಕ್ ಕುಡಿಸೋಣ ಅಂತಾರೆ.

ಗೋದಲಿ (ಪಶುವೈದ್ಯ, ಹಾಸನ ಜಿಲ್ಲೆ)

ಬೇಡ! ಈ ಒಂದು ವಿಷಯದಲ್ಲಿ ಒಳ್ಳೇ ಮನಸ್ಸಿನಿಂದ ಮಾಡಿದ್ದೇ ಹಸುಗೆ ತಿರುಗುತ್ತೆ. ಈಯೋ ಮೊದಲು ಕ್ಯಾಲ್ಸಿಯಂ ಹೇರಳವಾಗಿ ಸಿಕ್ಕರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆಯೋ ಗ್ರಂಥಿ ಸುಮ್ಮನಾಗಿಬಿಡುತ್ತೆ. ಈದ ದಿನ ಗಿಣ್ಣಕ್ಕೆ ಏಕಾಏಕಿ ಕ್ಯಾಲ್ಸಿಯಂ ಬೇಕು. ಗಿಣ್ಣದ ಹಾಲಲ್ಲಿ ಲೀಟರಿಗೆ ಎರಡು ಗ್ರಾಂ ಮೇಲೆ ಇರುತ್ತೆ. ಹಸುವಿನ ರಕ್ತದ ದ್ರವದಲ್ಲಿ ಒಂದು ಕ್ಷಣಕ್ಕೆ ಇರೋ ಕ್ಯಾಲ್ಸಿಯಂ ಒಟ್ಟು ಮೂರು ಗ್ರಾಂ ಆಸುಪಾಸು. ಗ್ರಂಥಿ ಎಚ್ಚರಾಗೋಕೆ ಎರಡು ಮೂರು ದಿನ ಬೇಕು, ಅಷ್ಟರಲ್ಲಿ ಹಸು ಕೂತುಬಿಡುತ್ತೆ. ಕಿವಿ ತಣ್ಣಗೆ, ಕತ್ತು ಹೊಟ್ಟೆಯ ಕಡೆಗೆ ತಿರುಗಿಸಿ ಮಲಗಿರುತ್ತೆ, ಮೂಗು ಒಣಗಿರುತ್ತೆ.

ಹಾಗಾಗಿ ಕೊನೇ ಮೂರು ವಾರ ಟಾನಿಕ್ ಇಲ್ಲ, ಸುಣ್ಣದ ತಿಳಿ ಇಲ್ಲ, ಕುದುರೆಮಸಾಲೆ ಸೊಪ್ಪು ಇಲ್ಲ. ಸಗಣಿ ಗೊಬ್ಬರ ಹೇರಳವಾಗಿ ಕುಡಿದ ನೇಪಿಯರ್ ಕೂಡ ಕಡಿಮೆ ಮಾಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಅದೂ ಇದೇ ತೊಂದರೆಗೆ ದಾರಿ. ಭತ್ತದ ಹುಲ್ಲು ಸಿಕ್ಕರೆ ರಾಗಿಹುಲ್ಲಿನ ಜೊತೆ ಬೆರೆಸಿ, ಬೂಸಾ ಕೊಡಿ, ಮಿಶ್ರಣ 25–30 ಗ್ರಾಂಗೆ ಇಳಿಸಿ. ಉಪ್ಪೂ ಅರ್ಧಕ್ಕೆ ಇಳಿಸಿ, ಇಲ್ಲವಾದರೆ ಚೊಚ್ಚಲ ಹಸುಗಳ ಕೆಚ್ಚಲಲ್ಲಿ ನೀರು ತುಂಬಿ ಊತ ಹೆಚ್ಚುತ್ತೆ. ಈದ ದಿನದಿಂದ ಮಿಶ್ರಣ, ತಿಂಡಿ ಎರಡನ್ನೂ ದಿನದಿಂದ ದಿನಕ್ಕೆ ಏರಿಸಿ. ಮೊದಲ ಎರಡು ದಿನ ಕೆಚ್ಚಲು ಪೂರ್ತಿ ಹಿಂಡಿ ಬರಿದು ಮಾಡಬೇಡಿ.

ಮಲಗಿಬಿಟ್ಟ ಹಸುವಿನ ಬಾಯಿಗೆ ಏನನ್ನೂ ಸುರಿಯಬೇಡಿ, ನುಂಗೋ ಶಕ್ತಿ ಇಲ್ಲದಾಗ ಶ್ವಾಸಕೋಶಕ್ಕೆ ಇಳಿಯುತ್ತೆ. ಕ್ಯಾಲ್ಸಿಯಂ ಬಾಟ್ಲಿಯನ್ನ ನರಕ್ಕೆ ನೀವೇ ಏರಿಸೋ ಸಾಹಸವೂ ಬೇಡ. ಅದನ್ನ ಬಹಳ ನಿಧಾನವಾಗಿ, ಎದೆಬಡಿತ ಕೇಳಿಸಿಕೊಳ್ಳುತ್ತಾ ಕೊಡಬೇಕು. ಅವಸರ ಮಾಡಿದರೆ ಅಲ್ಲೇ ಹೃದಯ ನಿಲ್ಲುತ್ತೆ.

ಶಿರಾ ಹೈನು

ಟಾನಿಕ್ ಬಾಟ್ಲಿ ಇವತ್ತೇ ಅಂಗಡಿಗೆ ವಾಪಸ್ ಕೊಟ್ಟೆ. ರಂಜಕ ಶೇ. 12 ಬರೆದಿರೋ ಮಿಶ್ರಣ ತಂದೆ. ಅಪ್ಪ ಹಿಡಿ ಲೆಕ್ಕ ಬಿಟ್ಟು, ಕಿರಾಣಿ ಅಂಗಡಿ ತಕ್ಕಡೀಲಿ 50 ಗ್ರಾಂ ತೂಗಿಸಿ ಒಂದು ಡಬ್ಬಿ ಮುಚ್ಚಳಕ್ಕೆ ಗೆರೆ ಹಾಕಿದ್ದಾರೆ. ಬೆಳಿಗ್ಗೆ ಒಂದು ಮುಚ್ಚಳ, ಸಂಜೆ ಒಂದು. ಸಗಣಿ ನಾಳೆ ಆಸ್ಪತ್ರೆಗೆ ಒಯ್ತೀನಿ.

ಕುರಿಹಟ್ಟಿ, ಹಿರಿಯೂರು

ಡಾಕ್ಟ್ರೇ, ನಮ್ಮ ಹಸು ಮಿಶ್ರಣವನ್ನೇ ಕುರಿಗಳಿಗೂ ಹಾಕ್ತಿದ್ದೀವಿ. ತೊಂದರೆ ಇಲ್ಲ ತಾನೆ? ಬಕ್ರೀದಿಗೆ ಅಂತ ಟಗರುಗಳನ್ನ ಕಟ್ಟಿ ಮೇಯಿಸ್ತಿದ್ದೀವಿ, ಅವಕ್ಕೆ ಬೂಸಾ ಜಾಸ್ತಿ. ಈ ವಾರ ಒಂದು ಟಗರು ಉಚ್ಚೆ ಹೊಯ್ಯೋಕೆ ತಿಣುಕ್ತಾ ಇದೆ, ಹನಿ ಹನಿ ಬರುತ್ತೆ, ಹೊಟ್ಟೆಗೆ ಒದ್ಕೊಳ್ಳುತ್ತೆ.

ಗೋದಲಿ (ಪಶುವೈದ್ಯ, ಹಾಸನ ಜಿಲ್ಲೆ)

ಟಗರನ್ನ ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇದನ್ನ ಓದಿ ಮುಗಿಸೋದು ಆಮೇಲೆ. ಅದು ಮೂತ್ರದ ಕಲ್ಲು. ಟಗರಿನ ಮೂತ್ರನಾಳ ಬಹಳ ಸಣ್ಣದು, ತುದಿಯಲ್ಲಿ ಎಳೆಯಂಥ ಭಾಗ ಇದೆ, ಕಲ್ಲು ಸಾಮಾನ್ಯವಾಗಿ ಅಲ್ಲೇ ಸಿಕ್ಕಿಕೊಳ್ಳುತ್ತೆ. ಬೇಗ ಬಂದರೆ ಆ ತುದಿ ಕತ್ತರಿಸಿ ದಾರಿ ಬಿಡಿಸಬಹುದು. ತಡವಾದರೆ ಮೂತ್ರಕೋಶ ಒಡೆಯುತ್ತೆ.

ಕಾರಣ ಬೂಸಾ. ಶಿರಾದ ಹಸುಗೆ ಯಾವ ರಂಜಕ ಸಾಲದೋ ಅದೇ ರಂಜಕ ನಿಮ್ಮ ಟಗರಿಗೆ ಅತಿಯಾಗಿದೆ. ಬೂಸಾದಲ್ಲಿ ರಂಜಕ ಶೇ. 1 ಇದ್ದರೆ ಕ್ಯಾಲ್ಸಿಯಂ ಅದರ ಹತ್ತರಲ್ಲೊಂದು ಭಾಗ. ಮಿಕ್ಕ ರಂಜಕ ಉಚ್ಚೆಯಲ್ಲಿ ಹರಳುಗಟ್ಟುತ್ತೆ. ಉಳಿದ ಟಗರುಗಳಿಗೆ ಬೂಸಾ ಇಳಿಸಿ, ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಸೊಪ್ಪು ಏರಿಸಿ. ತಿಂಡಿಯಲ್ಲಿ ನೂರಕ್ಕೆ ಒಂದು ಭಾಗ ಪಶು ಆಹಾರದ ಸುಣ್ಣಕಲ್ಲು ಪುಡಿ ಬೆರೆಸಿ, ಒಟ್ಟಾರೆ ಕ್ಯಾಲ್ಸಿಯಂ ರಂಜಕದ ಎರಡರಷ್ಟು ಆಗಲಿ. ಇಲ್ಲಿ ಉಪ್ಪು ಔಷಧಿಯೇ. ಉಪ್ಪು ತಿಂದ ಟಗರು ನೀರು ಹೆಚ್ಚು ಕುಡಿಯುತ್ತೆ, ಉಚ್ಚೆ ತೆಳ್ಳಗಾಗುತ್ತೆ, ಹರಳು ಕಟ್ಟೋದು ಕಡಿಮೆ. ಆದರೆ ನೀರು ಹಗಲು ರಾತ್ರಿ ಮುಂದೆ ಇರಲೇಬೇಕು. ನೀರಿಲ್ಲದೆ ಉಪ್ಪು ಕೊಟ್ಟರೆ ವಿಷ. ಹಂದಿ, ಕೋಳಿಗಳಿಗಂತೂ ಬೇಗ ತಟ್ಟುತ್ತೆ.

ಹಸುವಿನ ಮಿಶ್ರಣ ಕುರಿಗೆ ಬೇಡ. ಶೇ. 0.1 ತಾಮ್ರ ಅಂದರೆ ಹತ್ತು ಗ್ರಾಂನಲ್ಲಿ ಹತ್ತು ಮಿಲಿಗ್ರಾಂ. ಕುರಿ ದಿನಕ್ಕೆ ಒಂದು ಕಿಲೋ ಒಣ ಮೇವು ತಿಂದರೆ ಅದರಲ್ಲೇ ಐದಾರು ಮಿಲಿಗ್ರಾಂ ಇರುತ್ತೆ. ಕುರಿ ತಡೆಯೋದು ಒಟ್ಟು 15ರವರೆಗೆ. ಹಸುವಿನ ಯಕೃತ್ತು ಹೆಚ್ಚಾದ ತಾಮ್ರವನ್ನ ಪಿತ್ತದ ಜೊತೆ ಹೊರಗೆ ಹಾಕುತ್ತೆ, ಕುರಿಗೆ ಆ ಶಕ್ತಿ ಕಡಿಮೆ. ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಸೇರಿಸಿಟ್ಟುಕೊಳ್ಳುತ್ತೆ. ಆಮೇಲೆ ಒಂದು ದೂರದ ಪ್ರಯಾಣವೋ, ಸಂತೆಗೆ ಹೊಡೆದುಕೊಂಡು ಹೋದದ್ದೋ ನೆಪವಾಗಿ ಎಲ್ಲ ಒಟ್ಟಿಗೆ ರಕ್ತಕ್ಕೆ ಸುರಿದು ಕಣ್ಣು ಹಳದಿ, ಉಚ್ಚೆ ಕಪ್ಪು, ಎರಡು ದಿನದಲ್ಲಿ ಸಾವು. ಕುರಿಗೇ ಅಂತ ತಯಾರಿಸಿದ, ತಾಮ್ರ ಬೆರೆಸದ ಮಿಶ್ರಣ ತನ್ನಿ. ಮೇಕೆಗಳು ಇದಕ್ಕಿಂತ ತಾಳುತ್ತವೆ, ಆದರೂ ಹಟ್ಟಿಯಲ್ಲಿ ಎರಡೂ ಒಂದೇ ಗೋದಲಿಯಲ್ಲಿ ತಿನ್ನೋದಾದರೆ ಕುರಿಯದ್ದನ್ನೇ ಇಡಿ.

ಕುರಿಹಟ್ಟಿ, ಹಿರಿಯೂರು

ತುದಿ ಕತ್ತರಿಸಿದ್ರು, ಉಚ್ಚೆ ಧಾರೆ ಆಯ್ತು. ನೀರಿನ ಬಾನಿ ಹಟ್ಟಿ ಒಳಗೇ ಇಟ್ಟಿದ್ದೀವಿ. ಹಸು ಮಿಶ್ರಣದ ಚೀಲ ಮೇಲಟ್ಟಕ್ಕೆ ಹಾಕಿದೆ. ಬೂಸಾ ಇಳಿಸಿದ್ರೆ ಹಬ್ಬದ ಹೊತ್ತಿಗೆ ತೂಕ ಬರುತ್ತಾ ಅಂತ ಮಾತ್ರ ತಮ್ಮ ಕೇಳ್ತಿದ್ದಾನೆ.

ಗೋದಲಿ (ಪಶುವೈದ್ಯ, ಹಾಸನ ಜಿಲ್ಲೆ)

ಬರುತ್ತೆ. ಬೂಸಾದ ಜಾಗಕ್ಕೆ ಸ್ವಲ್ಪ ಮೆಕ್ಕೆಜೋಳದ ನುಚ್ಚು ಹಾಕಿ, ಅದರಲ್ಲಿ ರಂಜಕ ಬೂಸಾದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಒಂದೇ ಸಲಕ್ಕೆ ಬದಲಾಯಿಸಬೇಡಿ, ಹತ್ತು ದಿನ ತಗೊಂಡು ಬದಲಾಯಿಸಿ. ಮೆಕ್ಕೆಜೋಳ ದಿಢೀರನೆ ಹೆಚ್ಚಾದರೆ ಹೊಟ್ಟೆ ಹುಳಿಯಾಗುತ್ತೆ.